ಮಾಳಿಗೆಯ ಮೇಲಿನ ರೋಣಗಲ್ಲು

ಕೊಟ್ಟೂರಿನ ನನ್ನ ತವರುಮನೆಯಲ್ಲಿ ಬಾಣಂತಿಯರಿಗೆಂದು ಒಂದೇ ಒಂದು ಕೋಣೆ ಇತ್ತು. ಅದಕ್ಕೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಕೊಡದ ಬಾಯಿಯಷ್ಟು ಅಗಲದ ಬೆಳಕಿಂಡಿ ಇತ್ತು, ಮಳೆ ಬಂದರೆ ಅದರ ಮೇಲೆ ಮಡಕೆಯನ್ನು ಬೋರಲು ಹಾಕುತ್ತಿದ್ದರು. ಅವ್ವ ಅಣ್ಣನನ್ನು ಹೆತ್ತದ್ದು ಅಲ್ಲಿ, ನನ್ನನ್ನು ಹೆತ್ತದ್ದೂ ಅಲ್ಲಿ. ನನ್ನ ಕಾಲಕ್ಕೆ ಹೊಸ ಶತಮಾನ ಶುರುವಾಗಿತ್ತು, ಹೆರಿಗೆ ಆಸ್ಪತ್ರೆಯಲ್ಲಿ ಎಂದು ಗಂಡನ ಮನೆಯವರು ಹಗರಿಬೊಮ್ಮನಹಳ್ಳಿಯಿಂದ ಕಳಿಸುವಾಗಲೇ ಹೇಳಿದ್ದರು. ಆದರೆ ಬಾಣಂತನ ಆ ಕೋಣೆಯಲ್ಲೇ ಆಗಬೇಕಿತ್ತು. ಅದರಲ್ಲಿ ಚರ್ಚೆ ಇರಲಿಲ್ಲ. ತೊಂದರೆ ಏನೆಂದರೆ ಆ ಕೋಣೆ ಸೋರುತ್ತಿತ್ತು.

ನಮ್ಮ ಕಡೆಯ ಮಾಳಿಗೆ ಮನೆ ನೋಡದವರಿಗಾಗಿ ಹೇಳುತ್ತೇನೆ. ಗೋಡೆಯ ಮೇಲೆ ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಸಣ್ಣ ಜಂತಿಗಳು, ಅವುಗಳ ಮೇಲೆ ಕಡ್ಡಿ ಸೊಪ್ಪು, ಎಲ್ಲದರ ಮೇಲೆ ಮೊಣಕಾಲುದ್ದದ ಮಣ್ಣು. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಸವಳು ಮಣ್ಣು ತಂದು ಹರಡಿ, ತುಳಿದು, ಕೊಡತಿಯಿಂದ ಬಡಿಯುತ್ತಾರೆ. ಸವಳು ಮಣ್ಣೆಂದರೆ ಏನನ್ನೂ ಬೆಳೆಯದ ಬಿಳಿಚಿಕೊಂಡ ನೆಲದ ಮಣ್ಣು. ಹೊಲದಲ್ಲಿದ್ದರೆ ಅದನ್ನು ಬೈಯುತ್ತಾರೆ, ಮಾಳಿಗೆಯ ಮೇಲಿದ್ದರೆ ಹೊಗಳುತ್ತಾರೆ. ಮೊದಲ ಮಳೆಗೆ ಅದು ಕರಗಿ ಬಿರುಕುಗಳಿಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ನಮ್ಮ ಬಾಣಂತಿ ಕೋಣೆಯ ಮೂಲೆಯೊಂದರಲ್ಲಿ ಮಾತ್ರ ಅದು ಯಾವ ವರ್ಷವೂ ಸರಿಯಾಗಿ ಕೂತಿರಲಿಲ್ಲ. ಆ ಜಾಗದ ಕೆಳಗೆ ಒಂದು ಹಿತ್ತಾಳೆ ಬೋಗುಣಿ ಇಡುವುದು ನಮ್ಮ ಮನೆಯ ಮಳೆಗಾಲದ ಮೊದಲ ಕೆಲಸ. ಬೇರೆಯವರಿಗೆ ಬೋಗುಣಿ ಸಾಕು. ಬಾಣಂತಿಗೂ ಹಸುಗೂಸಿಗೂ ತಂಡಿ ಆಗಬಾರದು. ಹೀಗಾಗಿ ಆ ವರ್ಷ ಮನೆಯಲ್ಲಿ ಎಲ್ಲರ ಮುಂದಿದ್ದ ಪ್ರಶ್ನೆ ಒಂದೇ: ಮಳೆಗಾಲದಲ್ಲಿ ನಾನೂ ನನ್ನ ಕೂಸೂ ಆ ಕೋಣೆಯಲ್ಲಿ ತೊಯ್ಯದೆ ಬೆಚ್ಚಗೆ ಮಲಗುವುದು ಹೇಗೆ.

ಅದೇ ಬೇಸಿಗೆಯಲ್ಲಿ ಅಣ್ಣ ರಜೆಗೆ ಬಂದ. ಅವನು ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಜೇಡಿಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ಅಪ್ಪ ಇದನ್ನು ಊರವರಿಗೆ "ಮಣ್ಣಿನ ಡಾಕ್ಟರ್ ಓದಾಕತ್ಯಾನ" ಎಂದು ಹೇಳುತ್ತಿದ್ದ. ಮಗನನ್ನು ಮಣ್ಣಿನ ಕೆಲಸ ಬೇಡವೆಂದು ಓದಿಸಿದರೆ ಅವನು ಓದಿ ಓದಿ ಮತ್ತೆ ಮಣ್ಣಿಗೇ ಬಂದನಲ್ಲ ಎಂದು ಅವ್ವನಿಗೆ ಸಂಕಟ.

ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದೆ. ನೀನು ಮಾಡುವುದಾದರೂ ಏನು ಎಂದು ಅವನನ್ನು ಕೇಳಿದೆ.

"ಈ ಜೇಡಿ ಐತಲ್ಲ ತಂಗಿ, ಇದು ಹಾಳಿ ಹಾಳಿ ಇರ್ತೈತಿ, ಪುಸ್ತಕ ಇದ್ದಂಗ. ಹಾಳಿ ನಡುವ ನೀರು ಹೊಗತೈತಿ. ಅದಕ್ಕ ಎರಿ ಹೊಲ ಮಳಿಗೆ ಉಬ್ತೈತಿ, ಬಿಸಲಿಗೆ ಬಿರೀತೈತಿ. ನಾವು ಆ ಹಾಳಿ ನಡುವ ಸೋಪಿನಂಥದ್ದೊಂದು ತುಂಬ್ತೀವಿ. ಸೋಪಲ್ಲ, ಸೋಪಿನ ದಾಯಾದಿ. ಅದರ ತಲಿ ಮಣ್ಣಿಗೆ ಅಂಟ್ಕೊಂತೈತಿ, ಬಾಲ ಎಣ್ಣಿ ಇದ್ದಂಗ ಇರ್ತೈತಿ. ಅದು ಒಳಗ ಕುಂತ ಮ್ಯಾಲೆ ಮಣ್ಣು ನೀರನ್ನ ಹತ್ರ ಸೇರಿಸಂಗಿಲ್ಲ."

"ಆಮ್ಯಾಲೆ?"

"ಆಮ್ಯಾಲೆ ಅದನ್ನ ಒತ್ತತೀನಿ."

"ಎಷ್ಟು ಒತ್ತತಿ?"

"ಸಮುದ್ರದ ತಳದಾಗ ಎಷ್ಟು ಒತ್ತಡ ಇರ್ತೈತಿ, ಅದಕ್ಕಿಂತ ಹೆಚ್ಚು. ಸಾಸಿವಿ ಕಾಳಿಗಿಂತ ಸಣ್ಣ ಚೂರು. ಎರಡು ವಜ್ರದ ನಡುವ ಇಟ್ಟು ಒತ್ತೋದು."

ಅಡುಗೆಮನೆಯಲ್ಲಿದ್ದ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ವಜ್ರ ಯಾರವು?"

"ಸರ್ಕಾರದವು ಯವ್ವಾ."

"ಹಂಗಾದ್ರ ಬಿಡು," ಎಂದು ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಅಣ್ಣನ ತಲೆ ತಿನ್ನುತ್ತಿದ್ದ ಸಂಗತಿ ಬೇರೆಯೇ ಇತ್ತು. ಒತ್ತಿದರೆ ಯಾವುದೇ ವಸ್ತು ಕುಗ್ಗಬೇಕು. ಅವನ ಮಣ್ಣು ಒಣಗಿದ್ದಾಗ ಒತ್ತಿದರೆ ಕುಗ್ಗುತ್ತಿತ್ತು, ಸರಿ. ಸ್ಪಿರಿಟ್ಟಿನಂಥ ದ್ರವದಲ್ಲಿ ಮುಳುಗಿಸಿ ಒತ್ತಿದರೆ ಮಾತ್ರ ಉಬ್ಬುತ್ತಿತ್ತು. ಒತ್ತಿದಷ್ಟೂ ಆ ದ್ರವ ಹಾಳೆಗಳ ನಡುವೆ ನುಗ್ಗಿ ಅವುಗಳನ್ನು ದೂರ ಮಾಡುತ್ತಿತ್ತು. ಒತ್ತಡ ತೆಗೆದರೆ ಏನೂ ಆಗಿಲ್ಲವೆಂಬಂತೆ ಮೊದಲಿನ ಸ್ಥಿತಿಗೆ ಬರುತ್ತಿತ್ತು. ಅವನ ಗುರುಗಳು ಇದನ್ನು ಇನ್ನೂ ನಂಬಿರಲಿಲ್ಲ. ನನಗೆ ನಂಬಲು ಕಷ್ಟವಾಗಲಿಲ್ಲ. ನಮ್ಮ ಓಣಿಯಲ್ಲಿ ಅಂಥವರು ಬಹಳ ಜನ ಇದ್ದರು. ಅಪ್ಪನೂ ಅವರಲ್ಲೊಬ್ಬ, ನಾಲ್ಕು ಮಂದಿ ಸುತ್ತ ನಿಂತು ಒತ್ತಿದಷ್ಟೂ ಹಿಗ್ಗುತ್ತಿದ್ದ.

ಅಣ್ಣ ತನ್ನ ಚೀಲದಲ್ಲಿ ಆ ಮಣ್ಣಿನ ಪುಡಿ ತುಂಬಿದ ಸಣ್ಣ ಶೀಶೆ ತಂದಿದ್ದ. ಅಪ್ಪನಿಗೆ ತೋರಿಸಲೆಂದು ಒಂದು ತಟ್ಟೆಯಲ್ಲಿ ಒಂದು ಕಡೆ ಹೊಲದ ಎರೆಮಣ್ಣು, ಇನ್ನೊಂದು ಕಡೆ ತನ್ನ ಪುಡಿ ಹರಡಿ ಬೆರಳಿನಿಂದ ನೀರು ಹನಿಸಿದ. ಹೊಲದ ಮಣ್ಣು ನೀರನ್ನು ಕುಡಿದು ಕಪ್ಪಾಯಿತು. ಪುಡಿಯ ಮೇಲೆ ಬಿದ್ದ ನೀರು ಎಣ್ಣೆ ಸವರಿದ ಹೆಂಚಿನ ಮೇಲೆ ಬಿದ್ದಂತೆ ಗುಂಡಗೆ ನಿಂತಿತು. ತಟ್ಟೆ ಓರೆ ಮಾಡಿದರೆ ಹನಿ ಉರುಳಾಡುತ್ತಿತ್ತು. ಅಪ್ಪ ಹೊರಗೆ ಹೋಗಿ ಓಣಿಯವರನ್ನು ಕರೆತಂದ. ಎಲ್ಲರೂ ಒಂದೊಂದು ಹನಿ ಹಾಕಿ ನೋಡಿದರು. ಎದುರು ಮನೆಯ ಅಜ್ಜಿ ಕೊನೆಗೆ ಬಂದಳು. ಆಕೆ ಹೊಗಳಿದ್ದನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ.

"ನೀರು ಕುಡಿಯಂಗಿಲ್ಲ ಅಂದ ಮ್ಯಾಲೆ ಅದಕ್ಕ ಮಣ್ಣು ಅಂತ ಯಾಕ ಅನ್ಬೇಕು?" ಎಂದಳು.

ಅಪ್ಪ ತಟ್ಟೆಯಿಂದ ಕಣ್ಣು ತೆಗೆಯದೆ ಕೇಳಿದ. "ತಮ್ಮಾ, ಇದನ್ನ ಮಾಳಿಗಿ ಮ್ಯಾಲೆ ಹಾಕಿದ್ರ?"

"ಹಾಕಬಹುದಪ್ಪ. ಆದರ..."

"ಹಾಕಬಹುದಂತ," ಎಂದು ಅಪ್ಪ ಓಣಿಯವರ ಕಡೆ ತಿರುಗಿದ.

ಆ ಬೇಸಿಗೆಯುದ್ದಕ್ಕೂ ಅಣ್ಣನ ಎಲ್ಲ ಮಾತುಗಳಲ್ಲೂ ಒಂದು 'ಆದರೆ' ಇತ್ತು. ಅದು ಅವನ ವಿದ್ಯೆ ಕಲಿಸಿದ ರೂಢಿ. ನಮ್ಮ ಮನೆಯಲ್ಲಿ ಅವನ ಮಾತು ಮೈಲಾರ ಜಾತ್ರೆಯ ಕಾರಣಿಕದ ನುಡಿಯಂತಾಯಿತು. ಬಿಲ್ಲನ್ನೇರಿದ ಗೊರವಪ್ಪ ನುಡಿಯುವುದು ಒಂದೇ ಸಾಲು. ಕೇಳಿದವರು ಅದರಲ್ಲಿ ತಮ್ಮ ತಮ್ಮ ಮಳೆ ಬೆಳೆ ತೆಗೆದುಕೊಂಡು ಊರಿಗೆ ಹೋಗುತ್ತಾರೆ. ಅಪ್ಪ 'ಆದರೆ'ಗೆ ಮೊದಲಿನ ಅರ್ಧ ತೆಗೆದುಕೊಂಡು ಹೋಗುತ್ತಿದ್ದ. ಉಳಿದರ್ಧ ಅಣ್ಣನ ಬಾಯಲ್ಲೇ ಉಳಿಯುತ್ತಿತ್ತು. ಅವನೂ ಹಟ ಹಿಡಿದು ಅದನ್ನು ಹೇಳುತ್ತಿರಲಿಲ್ಲ. ಅಷ್ಟು ಜನ ತನ್ನ ಮಾತು ಕೇಳುತ್ತಿರುವುದು ಅವನಿಗೂ ಹೊಸದು.

ಶೀಶೆಯಲ್ಲಿದ್ದದ್ದು ಒಂದು ಹಿಡಿ ಪುಡಿ. ಮಾಳಿಗೆಗೆ ಬಂಡಿಗಟ್ಟಲೆ ಬೇಕು. ಹರಪನಹಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸೋದರಮಾವ ಆ ಹೊಣೆ ಹೊತ್ತ. ಬಟ್ಟೆಗೆ ಬಣ್ಣ ಹಾಕುವವರು ಕೊನೆಗೆ ಬಟ್ಟೆ ಮೆತ್ತಗಾಗಲೆಂದು ಅದ್ದುವ ದ್ರವದಲ್ಲಿ ಇದೇ ಸೋಪಿನ ದಾಯಾದಿ ಇರುತ್ತದೆ ಎಂದು ಅಣ್ಣ ಬಾಯಿತಪ್ಪಿ ಹೇಳಿದ್ದ. ಮಾವ ದಾವಣಗೆರೆಯಲ್ಲಿ ಯಾರನ್ನೋ ಹಿಡಿದು ಅದನ್ನೇ ದೊಡ್ಡ ಕ್ಯಾನುಗಳಲ್ಲಿ ತಂದ. ಆದರೆ ತರುವ ಹೊತ್ತಿಗೆ ತಡವಾಗಿತ್ತು. ನನಗೆ ಹೆಣ್ಣುಮಗು ಹುಟ್ಟಿ, ಆಸ್ಪತ್ರೆಯಿಂದ ಬಂದು, ನಾನು ಆ ಕೋಣೆ ಸೇರಿಯಾಗಿತ್ತು. ಕೂಸಿನ ಹೊಕ್ಕುಳು ಇನ್ನೂ ಬಿದ್ದಿರಲಿಲ್ಲ.

ಅಣ್ಣ ಕ್ಯಾನಿನ ಮೇಲಿನ ಚೀಟಿಯನ್ನು ಎರಡು ಸಲ ಓದಿದ. "ಅದೇ ಜಾತಿದು ಮಾವಾ. ಆದರ ಅದೇ ಅಲ್ಲ."

"ಜಾತಿ ಒಂದೇ ಆದ್ರೆ ಆಯ್ತಲ್ಲಪ್ಪಾ," ಎಂದ ಮಾವ. "ನಿಮ್ಮಕ್ಕನ ಮದ್ವೇಲೂ ನಾವು ಅಷ್ಟೇ ನೋಡಿದ್ದು."

"ನನಗ ಅಕ್ಕ ಇಲ್ಲ ಮಾವಾ."

"ನಿಮ್ಮಮ್ಮನ ಮದ್ವೆ ಅಂದೆ ಕಣಪ್ಪಾ, ನನ್ನಕ್ಕ," ಎಂದು ಮಾವ ಅಪ್ಪನ ಕಡೆ ನೋಡದೆ ಹೇಳಿದ.

ಕೂಡ್ಲಿಗಿ ರಸ್ತೆಯ ಆಚೆಯಿಂದ ಜೇಡಿಮಣ್ಣು ಬಂತು. ಮನೆಯ ಮುಂದೆ ಅದನ್ನು ಕಲಸಿ ಕ್ಯಾನುಗಳನ್ನು ಸುರಿದು ತುಳಿದರು. ನಾನು ಒಳಗೆ ಮಲಗಿದ್ದೆ, ನೋಡಲಿಲ್ಲ. ವಾಸನೆ ಬಂತು. ಹೊಸ ಬಟ್ಟೆ ಅಂಗಡಿಗೆ ಯಾರೋ ಮಲ್ಲಿಗೆಯ ಹೂ ಹಾಕಿ ಬಾಗಿಲು ಮುಚ್ಚಿದಂಥ ವಾಸನೆ. ಅದರ ಹಿಂದೆಯೇ ಎದುರು ಮನೆಯ ಅಜ್ಜಿಯ ದನಿ ಬಂತು.

"ಮಣ್ಣಿಗೆ ಸೆಂಟು ಹೊಡಿಯಾಕತ್ತೀರಿ. ಲಗ್ನ ಯಾವಾಗ್ರಿ ಅದರದು?"

"ಅಜ್ಜೀ, ನಿಮ್ಮ ಮನೆಗೂ ಒಂದು ಕ್ಯಾನು ತರ್ತೀನಿ ಬಿಡ್ರಿ," ಎಂದ ಮಾವ.

"ನಮ್ಮದು ತಗಡಪ್ಪಾ. ಅದಕ್ಕ ವಾಸನಿನೂ ಹತ್ತಂಗಿಲ್ಲ, ಬುದ್ಧಿನೂ ಹತ್ತಂಗಿಲ್ಲ."

ಮಣ್ಣನ್ನು ಮಾಳಿಗೆಗೆ ಏರಿಸಿ ಹರಡಿದರು. ಎರಡು ದಿನ ಬಿಸಿಲಿಗೆ ಒಣಗಿದ ಮೇಲೆ ಕೊಡತಿಯಿಂದ ಬಡಿಯಲು ಹೋದರೆ ಅದು ಕೂರಲಿಲ್ಲ. ಸವಳು ಮಣ್ಣಿಗೆ ನೀರು ಚಿಮುಕಿಸಿ ಬಡಿದರೆ ಅಂಟುತ್ತದೆ. ಇದಕ್ಕೆ ನೀರು ಚಿಮುಕಿಸಿದರೆ ಹನಿಗಳು ಉರುಳಿಹೋದವು. ಬಡಿದರೆ ಪುಡಿ ಹಾರಿತು. ನೀರನ್ನು ಬಿಟ್ಟ ಮಣ್ಣು ಒಂದನ್ನೊಂದು ಹಿಡಿದುಕೊಳ್ಳುವುದನ್ನೂ ಬಿಟ್ಟಿತ್ತು. ಇದನ್ನು ಅಣ್ಣ ನನಗೆ ಬಾಗಿಲ ಹೊರಗೆ ನಿಂತು ಹೇಳಿದ. ಅಪ್ಪನಿಗೆ ಅವನು ಹೇಳಿದ್ದು ಚಿಕ್ಕದಾಗಿತ್ತು.

"ಇದಕ್ಕ ಒತ್ತಡ ಬೇಕಪ್ಪ. ಆದರ ನಮ್ಮ ತೊಲಿ..."

ಅಪ್ಪ ಅಷ್ಟರಲ್ಲಿ ಕಣದ ಕಡೆ ಹೊರಟಿದ್ದ. ಕಣದಲ್ಲಿ ನಮ್ಮ ರೋಣಗಲ್ಲು ಬಿದ್ದಿತ್ತು. ಜೋಳದ ತೆನೆ ಒಕ್ಕಲು ಎತ್ತುಗಳು ಸುತ್ತ ಎಳೆಯುವ ಕಲ್ಲಿನ ಉರುಳೆ ಅದು. ಅಜ್ಜನ ಕಾಲದಿಂದ ನೆಲದ ಮೇಲೆ ಉರುಳುತ್ತಿದ್ದ ಕಲ್ಲನ್ನು ಮಾಳಿಗೆಯ ಮೇಲೆ ಏಕೆ ಒಯ್ಯಬೇಕು ಎಂದು ಓಣಿಯಲ್ಲಿ ಯಾರೂ ಕೇಳಲಿಲ್ಲ. ಹೇಗೆ ಒಯ್ಯಬೇಕು ಎಂಬುದರ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಹಗ್ಗ ಬಂತು, ಉದ್ದನೆಯ ಹಲಗೆಗಳು ಬಂದವು. ಎಳೆಯುವವರ ಹುರುಪಿನ ಕೂಗು ನನಗೆ ಕೇಳುತ್ತಿತ್ತು. ವಿಜ್ಞಾನದ ಕೆಲಸಕ್ಕೆ ಅಷ್ಟು ಮಂದಿ ಸಂತೋಷದಿಂದ ಕೈಹಚ್ಚಿದ್ದನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ.

ಅಣ್ಣ ಮತ್ತೆ ನನ್ನ ಕೋಣೆಯ ಬಾಗಿಲಿಗೆ ಬಂದ. ಅವ್ವ ಅಗ್ಗಿಷ್ಟಿಗೆಗೆ ಕೆಂಡ ಹಾಕುತ್ತಿದ್ದಳು.

"ಯವ್ವಾ, ಅಕಿನ್ನ ಪಡಸಾಲಿಗೆ ಕರಕೊಂಡು ಬಾ."

"ಬಾಣಂತಿ ಹೊಸ್ತಿಲಾ ದಾಟಬಾರದು. ಗಾಳಿ ಬಡೀತೈತಿ."

ನಮ್ಮ ಮನೆತನದಲ್ಲಿ ಸೂತಕ ಇಲ್ಲ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ. ಅದು ನಿಜ, ಸೂತಕ ಇರಲಿಲ್ಲ. ಸೂತಕ ಮಾಡುವ ಕೆಲಸವನ್ನೆಲ್ಲ ಗಾಳಿ ಮಾಡುತ್ತಿತ್ತು.

"ಕಲ್ಲು ಬಡಿಯೋದಕ್ಕಿಂತ ಗಾಳಿ ಬಡಿಯೋದು ಚಲೋ ಯವ್ವಾ."

"ಕೂಸಿನ ಮುಂದ ಚಲೋ ಮಾತಾಡೋ," ಎಂದಳು ಅವ್ವ. ಅಣ್ಣ ಏಣಿಯ ಕಡೆ ಓಡಿದ. ಅವನು ಮೇಲೆ ಹತ್ತಿ ಏನೋ ಹೇಳಿದ್ದು ಕೇಳಿತು. "ಆದರ" ಎಂಬುದೊಂದು ಸ್ಪಷ್ಟವಾಗಿ ಕೇಳಿತು. ಆಮೇಲೆ ಎಲ್ಲರೂ ಕೂಡಿ ಕೂಗಿದರು, ಕಲ್ಲು ಉರುಳತೊಡಗಿತು.

ಮುಂದಿನದನ್ನು ನಾನು ಕಂಡ ಕ್ರಮದಲ್ಲೇ ಹೇಳುತ್ತೇನೆ, ಯಾಕೆಂದರೆ ಆಮೇಲೆ ಮಾಳಿಗೆಯ ಮೇಲಿದ್ದವರು ಇದನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದ್ದಾರೆ. ಕೆಳಗೆ ಮಲಗಿ ಮೇಲೆ ನೋಡುತ್ತಿದ್ದವಳು ನಾನೊಬ್ಬಳೇ.

ಮೊದಲು ಸದ್ದು. ಪಕ್ಕದ ಮನೆಯಲ್ಲಿ ಬೀಸುಕಲ್ಲು ತಿರುಗಿದಂತೆ, ಆದರೆ ಮೇಲಿನಿಂದ. ಆಮೇಲೆ ಜಂತಿಗಳ ಸಂದಿನಿಂದ ಸಣ್ಣಗೆ ಮಣ್ಣು ಉದುರಿತು, ಜರಡಿ ಹಿಡಿದಂತೆ, ಒಂದು ಗೆರೆಯಾಗಿ. ಕಲ್ಲು ಮೇಲೆ ಎಲ್ಲಿದೆಯೋ ಆ ಗೆರೆ ಕೆಳಗೆ ಅಲ್ಲಿ. ಗೆರೆ ಬಾಗಿಲ ಕಡೆಯಿಂದ ಬಂತು, ಅಗ್ಗಿಷ್ಟಿಗೆಯ ಮೇಲೆ ಹಾಯಿತು, ಕೆಂಡ ಮಂಕಾಯಿತು. ನನ್ನ ಹೊರಸಿನ ಕಾಲ ಕಡೆಯಿಂದ ತಲೆಯ ಕಡೆಗೆ ಹಾದುಹೋಯಿತು. ನಾನು ಕೂಸಿನ ಮುಖದ ಮೇಲೆ ಸೆರಗು ಹಿಡಿದೆ. ಗೋಡೆಯ ತನಕ ಹೋದ ಗೆರೆ ನಿಂತಿತು. ಮೇಲೆ ಯಾರೋ "ತಿರುವ್ರಿ, ಇನ್ನೊಂದು ಸಲ" ಎಂದರು. ಗೆರೆ ಹಿಂದಕ್ಕೆ ಬರತೊಡಗಿತು.

ನನ್ನ ನೇರಕ್ಕೆ ಬಂದಾಗ ಒಂದು ಸದ್ದಾಯಿತು. ದೊಡ್ಡ ಸದ್ದಲ್ಲ. ಶೇಂಗಾ ಒಡೆದರೆ ಬರುವಷ್ಟು. ಅವ್ವ ಪಕ್ಕದಲ್ಲೇ ಇದ್ದಳು, ಅವಳಿಗೆ ಕೇಳಲಿಲ್ಲ. ನಾನು ತೊಲೆಯನ್ನು ನೋಡಿದೆ. ಎಷ್ಟೋ ಬಾಣಂತಿಯರ ಅಗ್ಗಿಷ್ಟಿಗೆಯ ಹೊಗೆಗೆ ಅದು ಇದ್ದಲಿನಂತೆ ಕಪ್ಪಾಗಿತ್ತು. ಆ ಕಪ್ಪಿನ ಮೇಲೆ ಈಗ ಒಂದು ಬಿಳಿ ಗೆರೆ ಇತ್ತು, ನನ್ನ ಅಂಗೈಯಷ್ಟು ಉದ್ದ. ಒಳಗಿನ ಮರ ಎಷ್ಟು ಬೆಳ್ಳಗಿರುತ್ತದೆ ಎಂದು ಒಂದು ಕ್ಷಣ ನನಗೆ ಆಶ್ಚರ್ಯವಾದದ್ದು ನೆನಪಿದೆ. ನಾನು ನೋಡುತ್ತಿದ್ದಂತೆ ಅದು ಮೊಳದಷ್ಟಾಯಿತು.

ನಾನು ಕೂಸನ್ನು ಎತ್ತಿಕೊಂಡೆ. ಎದ್ದೆ. ಬಾಗಿಲಿಗೆ ಬಂದೆ. ಅವ್ವನ ರಟ್ಟೆ ಹಿಡಿದು ಎಳೆದೆ. ಅವಳು "ಹೊಸ್ತಿಲಾ, ಹೊಸ್ತಿಲಾ" ಎನ್ನುತ್ತಲೇ ನನ್ನ ಹಿಂದೆ ಅದನ್ನು ದಾಟಿದಳು. ಬೆನ್ನ ಹಿಂದೆ ಏನೋ ಕುಸಿಯಿತು, ಮಲ್ಲಿಗೆಯ ವಾಸನೆ ಗಪ್ಪನೆ ಹೊರಗೆ ಬಂತು.

ತಿರುಗಿ ನೋಡಿದಾಗ ಒಂದು ಜಂತಿಯ ತುದಿ ಗೋಡೆಯಿಂದ ಕಳಚಿ ಬಂದು ನನ್ನ ತಲೆದಿಂಬಿನ ಮೇಲೆ ನಿಂತಿತ್ತು. ದಿಂಬು ಕುಗ್ಗಿತ್ತು, ಉಬ್ಬಿರಲಿಲ್ಲ. ಕಲ್ಲು ಬಿದ್ದಿರಲಿಲ್ಲ. ತೊಲೆ ಬಿರಿದು ಬಾಗಿ ಅದನ್ನು ಹೇಗೋ ಹೊತ್ತು ನಿಂತಿತ್ತು. ಮೇಲೆ ಕಲ್ಲಿನ ಸುತ್ತ ಒಂದು ತಗ್ಗು ಬಿದ್ದಿತ್ತು.

ನಾನು ಬರಿಗಾಲಲ್ಲಿ ಓಣಿ ದಾಟಿ ಎದುರು ಮನೆಗೆ ಹೋದೆ. ಯಾಕೆ ಅಲ್ಲಿಗೆ ಎಂದರೆ ಅದಕ್ಕೆ ತಗಡಿನ ಮೇಲ್ಛಾವಣಿ ಇತ್ತು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

"ಕಿವಿಗೆ ಅರಿವಿ ಕಟ್ಟಿಲ್ಲಲ್ಲವ್ವಾ," ಎಂದಳು. ತನ್ನ ಸೆರಗಿನ ಅಂಚು ಹರಿದು ನನ್ನ ಕಿವಿಗೆ ಕಟ್ಟಿದಳು. ಕಾಳು ತುಂಬುವ ಕೋಣೆಯನ್ನು ಖಾಲಿ ಮಾಡಿಸಿದಳು. ಇಷ್ಟನ್ನು ಆಕೆ ಯಾರನ್ನೂ ಒಂದು ಮಾತೂ ಬೈಯದೆ ಮಾಡಿದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಕಲ್ಲನ್ನು ಇಳಿಸುವುದು ಹೇಗೆ ಎಂಬುದರ ಬಗ್ಗೆ ಓಣಿಯಲ್ಲಿ ಯಾರಿಗೂ ಅಭಿಪ್ರಾಯ ಇರಲಿಲ್ಲ. ಅದರ ಹತ್ತಿರ ಹೋದವರ ಭಾರವನ್ನೂ ತೊಲೆಯೇ ಹೊರಬೇಕು. ಅಪ್ಪ ಒಳಗಿನಿಂದ ತೊಲೆಗೆ ಒಂದು ಕಂಬ ಆನಿಸಿದ. ಮಾವನಿಗೆ ಅಂಗಡಿಯ ಕೆಲಸ ನೆನಪಾಯಿತು, ಹರಪನಹಳ್ಳಿಯ ಬಸ್ಸು ಹಿಡಿದ.

ಕೆಲವೇ ದಿನಗಳಲ್ಲಿ ಹಡಗಲಿ ಕಡೆಯಿಂದ ಮೋಡ ಎದ್ದು ಸಂಜೆ ಮಳೆ ಹೊಡೆಯಿತು. ನಾನು ಅಜ್ಜಿಯ ಕೋಣೆಯಲ್ಲಿದ್ದೆ. ತಗಡಿನ ಮೇಲೆ ತಮಟೆ ಬಾರಿಸಿದಂಥ ಸದ್ದು, ಕೂಸು ಅದರೊಳಗೇ ನಿದ್ದೆ ಮಾಡಿತ್ತು. ಮಳೆ ನಿಲ್ಲುವ ಹೊತ್ತಿಗೆ ಅಪ್ಪ ಓಣಿ ದಾಟಿ ಬಂದ. ತೊಯ್ದಿದ್ದ, ಮುಖ ಬೆಳಗುತ್ತಿತ್ತು.

"ಹನಿ ಇಲ್ಲ. ಬೋಗುಣಿ ಒಣಗೈತಿ. ಇಷ್ಟು ವರ್ಷದಾಗ ಮೊದಲನೇ ಸಲ."

ಅಜ್ಜಿಯ ಕಟ್ಟೆಯಲ್ಲಿ ಮಳೆಗೆ ನಿಂತವರು ಒಳ್ಳೆಯದಾಯಿತು ಎಂದರು. ಅಷ್ಟರಲ್ಲಿ ಏಣಿ ಹತ್ತಿ ನೋಡಿದ್ದ ಅಣ್ಣ ಇಳಿದು ಬಂದ. ಕಟ್ಟೆಯ ಮೇಲೆ ಅವರಿಬ್ಬರೂ ಆಡಿದ ಮಾತು ನನಗೆ ಬಾಗಿಲ ಸಂದಿನಿಂದ ಪೂರ್ತಿ ಕೇಳಿತು.

"ಅಪ್ಪಾ, ತಗ್ಗಿನಾಗ ನೀರು ನಿಂತೈತಿ. ಕಲ್ಲು ಅರ್ಧ ಮುಳುಗೈತಿ. ಮಾಳಿಗಿ ನೀರು ಹೊರಗ ಬೀಳೋ ದೋಣಿ ಕಡೆ ಹರದು ಹೋಗವಲ್ದು."

"ನಿಲ್ಲಲಿ. ಒಳಗ ಬಂದಿಲ್ಲಲ್ಲ."

"ಒಳಗ ಬರಂಗಿಲ್ಲ. ಅದ ತ್ರಾಸು. ಕಲ್ಲಿನ ಭಾರ ಹೊತ್ತ ತೊಲಿ ಈಗ ಕೆರಿ ಭಾರಾನೂ ಹೊತ್ತೈತಿ."

"ನೀರು ಒಳಗ ಹೋಗಂಗಿಲ್ಲ ಅಂತ ಹೇಳಿದಾವ ನೀನ."

"ಹೌದಪ್ಪ. ಆದರ," ಎಂದ ಅಣ್ಣ. ಮಾತು ಕಡಿಯುವವರು ಯಾರೂ ಇರಲಿಲ್ಲ. ಅವನಿಗೇ ಅದು ಅಭ್ಯಾಸವಿರಲಿಲ್ಲ. "ಆದರ ಒಳಗ ಹೋಗದ ನೀರು ಎಲ್ಲಿಗೆ ಹೋಗಬೇಕು ಅಂತ ನಾನು ನೋಡಿದ್ದಿಲ್ಲ. ಎರಡು ವಜ್ರದ ನಡುವ ಎಲ್ಲಿಗೂ ಹೋಗಾಕ ಜಾಗಾನ ಇರಂಗಿಲ್ಲ."

ಅಪ್ಪ ತನ್ನ ಮನೆಯ ಕಡೆ ತಿರುಗಿದ. ತೊಲೆ ಕಿರುಗುಟ್ಟುವುದು ಓಣಿಯ ಈಚೆಗೂ ಕೇಳಿಸಿತು. ಆಮೇಲೆ ಅವನು ಹೋಗಿ ಹಾರೆಯನ್ನು ಒಂದು ಉದ್ದನೆಯ ಬಿದಿರು ಗಳಕ್ಕೆ ಕಟ್ಟಿದ. ಬಾಣಂತಿ ಕೋಣೆಯ ಹೊಸ್ತಿಲ ಈಚೆಗೆ ನಿಂತ. ಈ ಸಲ ಅದನ್ನು ದಾಟಬಾರದವನು ಅವನಾಗಿದ್ದ. ಅಲ್ಲಿಂದಲೇ ತನ್ನ ಮಾಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ತಿವಿಯತೊಡಗಿದ. ಓಣಿಯಲ್ಲಿ ಎಲ್ಲ ಮನೆಯವರೂ ಸೋರುವ ತೂತು ಮುಚ್ಚುತ್ತಿದ್ದ ಹೊತ್ತಿಗೆ ನಮ್ಮಪ್ಪ ಸೋರದ ಮಾಳಿಗೆಗೆ ತೂತು ಕೊರೆಯುತ್ತಿದ್ದ. ಕಲ್ಲಿನ ಭಾರಕ್ಕೆ ಚಲೋ ಕೂತಿದ್ದ ಮಣ್ಣು ಬೇಗ ಬಿಡಲಿಲ್ಲ.

ಕೊನೆಗೆ ನೀರು ಬಿತ್ತು. ಅದು ಬಿದ್ದದ್ದು ಯಾವಾಗಲೂ ಸೋರುತ್ತಿದ್ದ ಅದೇ ಮೂಲೆಯಲ್ಲಿ, ಅವ್ವ ರೂಢಿಯಂತೆ ಇಟ್ಟಿದ್ದ ಬೋಗುಣಿಯೊಳಗೆ. ಬೋಗುಣಿ ತುಂಬಿತು, ಕೊಡ ಇಟ್ಟರು, ಕೊಡವೂ ತುಂಬಿತು. ತೊಲೆಯ ಕಿರುಗುಟ್ಟು ನಿಂತಿತು. ಮನೆ ಉಳಿಯಿತು. ಬಿಸಿಲು ಬಿದ್ದ ಮೇಲೆ ಗಾರೆ ಕೆಲಸದವರನ್ನು ಕರೆಸಿ, ಮಾಳಿಗೆ ಬಿಚ್ಚಿ, ಕಲ್ಲನ್ನು ಕೆಳಗಿಳಿಸಿದರು. ಅದು ಈಗಲೂ ಕಣದಲ್ಲಿದೆ.

ಆ ಬಾಣಂತನ ಮುಗಿಯುವ ತನಕ ನಾನೂ ಮಗಳೂ ಅಜ್ಜಿಯ ತಗಡಿನ ಕೆಳಗೇ ಇದ್ದೆವು. ಗಾಳಿ ಬಡಿಯಲಿಲ್ಲ. ಮಾಳಿಗೆಯಿಂದ ಬಿದ್ದ ನೀರನ್ನು ಚೆಲ್ಲಲು ಅವ್ವನಿಗೆ ಮನಸ್ಸಾಗಲಿಲ್ಲ. ಕೆಸರು ತಳಕ್ಕೆ ಕೂತ ಮೇಲೆ ತಿಳಿನೀರನ್ನು ಬಗ್ಗಿಸಿ ಕೂಸಿನ ಬಟ್ಟೆಗಳನ್ನು ಅದರಲ್ಲಿ ಜಾಲಾಡಿ ಒಣಹಾಕಿದಳು. ಸಂಜೆ ಅವನ್ನು ಮಡಚುತ್ತ ಅಜ್ಜಿ ಒಂದನ್ನು ಕೆನ್ನೆಗೆ ಒತ್ತಿ ನೋಡಿದಳು.

"ಮೆತ್ತಗ ಆಗ್ಯಾವಲ್ಲವ್ವಾ," ಎಂದಳು.

ಆಕೆ ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.